ಬಾವಿಗೆ ಕೂಗದ ಹೆಸರು

ಮೊನ್ನೆ ಬೈಲಹೊಂಗಲದ ನಮ್ಮ ಶಾಲೆಗೆ ಮೂರನೇ ತರಗತಿಯ ಹೊಸ ಅಭ್ಯಾಸ ಪುಸ್ತಕ ಬಂತು. ಒಂದು ಪುಟದ ತುಂಬ ಆರು ಚಿತ್ರ: ಮೀನು, ಕಪ್ಪೆ, ಆಮೆ, ಹಾವು, ಎಮ್ಮೆ, ನಾಯಿ. ಎಲ್ಲವೂ ನೀರಿನಲ್ಲಿವೆ. ಕೆಳಗೆ ಪ್ರಶ್ನೆ: ‘ಈ ಪ್ರಾಣಿಗಳು ನೀರಿನಲ್ಲಿ ಏನು ಮಾಡುತ್ತವೆ?’ ಕೊನೆಯ ಪುಟದಲ್ಲಿ ಉತ್ತರ ಕೊಟ್ಟಿದ್ದರು. ಆರು ಸಾಲು, ಆರರಲ್ಲೂ ಒಂದೇ ಮಾತು. ಈಜುತ್ತದೆ, ಈಜುತ್ತದೆ, ಈಜುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕ ಮೇಜಿನ ಮೇಲೆ ಬಿದ್ದ ಸದ್ದಿಗೆ ಪಕ್ಕದ ತರಗತಿಯ ಮಾಸ್ತರರು ಬಂದು ಇಣುಕಿದರು.

“ಏನಾತ್ರಿ ಟೀಚರ?”

“ಎಮ್ಮಿಗೂ ಮೀನಿಗೂ ಒಂದ ಮಾತಂತ್ರಿ! ಇದನ್ನ ಬರದಾಂವ ನೀರ ಕಂಡಾನೋ ಇಲ್ಲೋ.”

ಅವರು ನಕ್ಕರು. “ರಿಟೈರ್ ಆಗಾಕ ಎರಡ ವರ್ಷ ಉಳದಾವ. ಇನ್ನೂ ಎಷ್ಟ ಸಿಟ್ಟ್ರೀ ನಿಮಗ” ಎಂದು ಹೋದರು. ಅವರ ಪ್ರಕಾರ ಇದು ಪುಸ್ತಕದ ಮೇಲಿನ ಸಿಟ್ಟು. ಇದಕ್ಕೆ ನಲವತ್ತು ವರ್ಷ ದಾಟಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ನನ್ನ ತವರು ಮುರಗೋಡ. ಊರಿನಿಂದ ಆಚೆ ರಸ್ತೆಗೆ ಹತ್ತಿದಂತೆ ನಮ್ಮ ಹೊಲ, ಹೊಲದ ನಡುವೆ ಕಲ್ಲು ಕಟ್ಟಿದ ದೊಡ್ಡ ಬಾವಿ. ಒಂದು ಮಗ್ಗುಲಿಗೆ ಮೆಟ್ಟಿಲು, ಎದುರಿಗೆ ಹಾರುವುದಕ್ಕೆ ಚಾಚಿದ ಹಾಸುಗಲ್ಲು. ಬೇಸಿಗೆ ರಜೆ ಬಂತೆಂದರೆ ಆ ಬಾವಿ ನಮ್ಮ ಅಜ್ಜನ ಶಾಲೆ. ಅಪ್ಪನ ಅಪ್ಪ. ಓಣಿಯ ಹುಡುಗರಿಗೆಲ್ಲ ಈಸು ಕಲಿಸುವುದು ಅವನ ಕೆಲಸ, ಯಾರೂ ಒಪ್ಪಿಸಿದ್ದಲ್ಲ, ತಾನಾಗಿ ಮೈಮೇಲೆ ಹಾಕಿಕೊಂಡದ್ದು. ಒಣಗಿದ ಸೋರೆ ಬುರುಡೆಯನ್ನು ಹಗ್ಗದಿಂದ ಬೆನ್ನಿಗೆ ಕಟ್ಟಿ ನೀರಿಗೆ ನೂಕುತ್ತಿದ್ದ. ಅತ್ತರೆ ಕೇಳುತ್ತಿರಲಿಲ್ಲ. “ಅಳು ಅಳು, ಬಾವ್ಯಾಗ ನೀರ ಕಮ್ಮಿ ಅದಾವ” ಎಂದು ಹಾಸುಗಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಅಜ್ಜನಿಗೆ ಓದು ಬಾರದು. ಆದರೆ ನೀರಿನ ವಿಷಯದಲ್ಲಿ ಯಾರಾದರೂ ತಪ್ಪು ಮಾತು ಬಳಸಿದರೆ ಬೈಯುತ್ತಿದ್ದ. ಮೀನು ಆಡುತ್ತದೆ. ಹಾವು ಹರಿಯುತ್ತದೆ. ಕಪ್ಪೆ ಒದೆಯುತ್ತದೆ, ಆಮೆ ತುಳಿಯುತ್ತದೆ, ನಾಯಿ ಬಡಿಯುತ್ತದೆ, ಎತ್ತು ಸೀಳುತ್ತದೆ. ಎಮ್ಮೆ ಮೊದಲು ಬೀಳುತ್ತದೆ, ಆಮೇಲೆ ತೇಲುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಈಸುವುದು ಮನುಷ್ಯರು ಮಾತ್ರ. ಒಮ್ಮೆ ನನ್ನ ಅಣ್ಣ “ಅಜ್ಜಾ, ಮೀನ ಈಸಾಕತ್ತೈತಿ” ಅಂದು ಚೆನ್ನಾಗಿ ಉಗಿಸಿಕೊಂಡ.

“ನೀ ಗಾಳ್ಯಾಗ ಈಸಾಕತ್ತೀ ಏನಲೇ? ಅದರ ಮನಿ ಅದು. ಮನ್ಯಾಗ ಆಡತೈತಿ. ಮುಳಗತೇನಿ ಅನ್ನೂ ಅಂಜಿಕಿ ಇದ್ದಾವರು ಈಸತಾರ.”

ಅಣ್ಣ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ನಾವು ಇಬ್ಬರೇ ಮಕ್ಕಳು.

ಬುರುಡೆ ಬಿಚ್ಚುವ ದಿನ ನಮ್ಮ ಬಾವಿಯಲ್ಲಿ ಒಂದು ಪದ್ಧತಿ ಇತ್ತು. ಹುಡುಗ ಬರಿ ಬೆನ್ನಲ್ಲಿ ಮೂರು ಸುತ್ತು ಹಾಕಬೇಕು. ಅಜ್ಜ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಮೂರನೇ ಸುತ್ತು ಮುಗಿದ ಮೇಲೆ ಹುಡುಗನನ್ನು ಮೆಟ್ಟಿಲಿಗೆ ಕರೆದು, ತಲೆಯ ಮೇಲೆ ಮೂರು ಬೊಗಸೆ ನೀರು ಸುರಿದು, ಬಾವಿಗೆ ಬಗ್ಗಿ ಒಂದು ಪ್ರಾಣಿಯ ಹೆಸರು ಕೂಗುತ್ತಿದ್ದ. “ಆಮೀ...” ಎಂದರೆ ಬಾವಿಯೂ “ಆಮೀ...” ಎನ್ನುತ್ತಿತ್ತು. “ಬಾವಿ ಒಪ್ಪಿತು” ಎಂದು ಅಜ್ಜ ಏಳುತ್ತಿದ್ದ. ಹುಡುಗನ ತಾಯಿ ಕೊಬ್ಬರಿ ಸಕ್ಕರೆ ಹಂಚುತ್ತಿದ್ದಳು. ಆ ಹೆಸರು ಆಮೇಲೆ ಸಾಯುವವರೆಗೂ ಬಿಡುತ್ತಿರಲಿಲ್ಲ. ಸವದತ್ತಿಯಲ್ಲಿ ಈಗ ದೊಡ್ಡ ಬಟ್ಟೆ ಅಂಗಡಿ ಇಟ್ಟವರೊಬ್ಬರಿದ್ದಾರೆ, ಮೂರು ಮೊಮ್ಮಕ್ಕಳು. ಮುರಗೋಡದವರು ಇಂದಿಗೂ ಅವರ ಅಂಗಡಿಯನ್ನು ಆಮಿ ಅಂಗಡಿ ಎಂದೇ ಕರೆಯುವುದು.

ಅಣ್ಣನಿಗೆ ಸಿಕ್ಕಿದ್ದು ಕಪ್ಪೆ. ಎರಡು ದಿನ ಊಟ ಬಿಟ್ಟ. ಕಪ್ಪೆಯಲ್ಲದೆ ಇನ್ನೇನು? ಒದ್ದರೆ ನಾಲ್ಕು ಮೊಳ ಮುಂದೆ, ನಿಂತರೆ ಅಲ್ಲೇ. ತಲೆ ಮುಳುಗಿಸು ಎಂದರೆ ಕಣ್ಣಲ್ಲಿ ನೀರು.

ಒಂದು ಹೆಸರನ್ನು ಮಾತ್ರ ಅಜ್ಜ ಯಾರಿಗೂ ಕೊಟ್ಟಿರಲಿಲ್ಲ. ವಯಸ್ಸಿನಲ್ಲಿ ಅವನು ಗಾಡಿ ಕಟ್ಟಿಕೊಂಡು ರಾಮದುರ್ಗದ ಸಂತೆಗೆ ಹೋಗುತ್ತಿದ್ದಾಗ ತೊರಗಲ್ಲಿನ ಕಡೆ ಮಲಪ್ರಭಾ ಹೊಳೆಯಲ್ಲಿ ನೀರುನಾಯಿ ಕಂಡಿದ್ದನಂತೆ. ಅದರ ಮಾತು ಬಂದರೆ ಬಾಯಲ್ಲಿನ ಎಲೆ ಅಡಿಕೆ ಉಗುಳಿ ಹೇಳುತ್ತಿದ್ದ. “ನೀರನಾಯಿ ಬಡಿಯೂದಿಲ್ಲ, ಒದಿಯೂದಿಲ್ಲ. ಹಾಸಿಗ್ಯಾಗ ನಾವು ಮಗ್ಗಲಾ ಬದಲಸ್ತೇವಿ ನೋಡು, ಹಂಗ ನೀರಾಗ ಹೊರಳತೈತಿ. ಹೊರಳತಂದ್ರ ಇಲ್ಲಿ ಇದ್ದದ್ದು ತಳದಾಗ. ನೀರಿಗೆ ಗೊತ್ತ ಆಗೂದಿಲ್ಲ.” ಇಷ್ಟು ವರ್ಷದಲ್ಲಿ ಒಬ್ಬನೂ ಹಾಗೆ ಹೊರಳಿದ್ದಿಲ್ಲ ಎನ್ನುತ್ತಿದ್ದ. ಆ ಹೆಸರು ನನಗೆ ಬೇಕಾಗಿತ್ತು. ಜಂಪರು, ರಿಬ್ಬನ್ನು, ಬಳೆ ಯಾವುದೂ ನನಗೆ ಅಷ್ಟು ಬೇಕಾಗಿರಲಿಲ್ಲ.

ಹುಡುಗಿಯರಿಗೂ ಅಜ್ಜ ಬುರುಡೆ ಕಟ್ಟುತ್ತಿದ್ದ, ಹೌದು. ನನಗೆ ಒಂಬತ್ತಕ್ಕೆ ಕಟ್ಟಿದ. ಎಂಟು ದಿನಕ್ಕೆ ಬಿಚ್ಚಿದ. ಅಣ್ಣನಿಗೆ ಒಂದು ಬೇಸಿಗೆ ಪೂರ್ತಿ ಹಿಡಿದಿತ್ತು. ಮೂರು ಸುತ್ತು ಹಾಕಿದೆ, ಮೂರನೆಯದನ್ನು ನೀರಿನೊಳಗೇ ಹಾಕಿದೆ. ಮೇಲೆ ಬಂದು ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕುಳಿತೆ, ನೀರು ಸುರಿಯಲಿ ಎಂದು. ಅಜ್ಜ ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ “ಏಳು, ಥಂಡಿ ಆಗತೈತಿ” ಎಂದ.

“ಅಜ್ಜಾ, ನಂದು ಯಾವುದು?”

“ಮುಂದಿನ ಬ್ಯಾಸಗಿಗೆ ನೋಡೂಣು.”

ಮನೆಗೆ ಬಂದು ಅತ್ತುಬಿಟ್ಟೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಹೆಣ್ಣಮಕ್ಕಳಿಗೆ ಹೆಸರು ಕೂಗೂದಿಲ್ಲವ್ವಾ. ನಾಳೆ ಬೀಗರು ಬಂದು, ಹಾವಿನ ಲಗ್ನ ಯಾವಾಗ, ಆಮಿ ಲಗ್ನ ಯಾವಾಗ ಅಂತ ಕೇಳಬೇಕೇನು?” ಪಕ್ಕದ ಮನೆಯ ಕಾಕು ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ಆದರೂ ‘ಮುಂದಿನ ಬೇಸಿಗೆ’ ಅಂದದ್ದನ್ನು ಹಿಡಿದುಕೊಂಡೆ. ಬಾವಿಯಲ್ಲಿ ಕೇರೆಹಾವು ಇಳಿದರೆ ಉಳಿದವರು ಓಡುತ್ತಿದ್ದರು, ನಾನು ಮೆಟ್ಟಿಲ ಮೇಲೆ ಕುಳಿತು ಅದರ ಕತ್ತು ಎಲ್ಲಿ ತಿರುಗುತ್ತದೆ ಎಂದು ನೋಡುತ್ತಿದ್ದೆ. ಹೊರಳುವುದನ್ನು ಮಾತ್ರ ನೋಡಿ ಕಲಿಯುವಂತಿರಲಿಲ್ಲ, ನೀರುನಾಯಿ ನಮ್ಮ ಬಾವಿಗೆ ಎಲ್ಲಿಂದ ಬರಬೇಕು? ಅಜ್ಜನ ಮಾತಿನಿಂದಲೇ ಕಲಿತೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿ ನೋಡುವುದು, ಮರುದಿನ ನೀರಿನಲ್ಲಿ ಅದನ್ನೇ ಮಾಡುವುದು. ಮೊದಮೊದಲು ಮೂಗಿನ ತುಂಬ ನೀರು. ಎರಡನೇ ಬೇಸಿಗೆಗೆ ಬಂತು. ಎಡಭುಜ ಒಳಗೆ ಎಳೆದುಕೊಂಡು ಸೊಂಟ ತಿರುಗಿಸಿದರೆ ಸಾಕು, ತಳ ತಾನಾಗಿ ಹತ್ತಿರ ಬರುತ್ತಿತ್ತು. ಅಜ್ಜ ನೋಡಿದನೋ ಇಲ್ಲವೋ. ನೋಡದೆ ಏನು, ಅಲ್ಲೇ ಕುಳಿತಿರುತ್ತಿದ್ದ. ಆ ವರ್ಷವೂ “ಮುಂದಿನ ಬ್ಯಾಸಗಿಗೆ” ಎಂದ. ಮುಂದಿನ ಬೇಸಿಗೆಗೆ ನಾನು ದೊಡ್ಡವಳಾಗಿದ್ದೆ. ಬಾವಿ ಮುಗಿಯಿತು. ಆಮೇಲೆ ಆ ಮೆಟ್ಟಿಲು ನನಗೆ ಬಟ್ಟೆ ಒಗೆಯುವುದಕ್ಕೆ ಮಾತ್ರ.

ನನಗೆ ಹದಿನೇಳು ತುಂಬಿದ ವರ್ಷ, ಶ್ರಾವಣದಲ್ಲಿ, ಕಿತ್ತೂರಿನ ಕಡೆಯಿಂದ ಒಂದು ಸಂಬಂಧ ಬಂತು. ಸೋಮವಾರ ನೋಡಲು ಬರುವುದೆಂದು ಮಾತಾಗಿತ್ತು. ಅದಕ್ಕೆ ಮೊದಲಿನ ಶುಕ್ರವಾರ ಮಧ್ಯಾಹ್ನ ನಾನು ಹೊಲಕ್ಕೆ ಬುತ್ತಿ ಒಯ್ದೆ. ಮಳೆಯಾಗಿ ಬಾವಿ ಮುಕ್ಕಾಲು ತುಂಬಿತ್ತು. ಅಜ್ಜ ಹಾಸುಗಲ್ಲಿನ ಮೇಲೆ ಕುಳಿತಿದ್ದ. ಅಣ್ಣ ನೀರಿನಲ್ಲಿದ್ದ. ಪಂಪಿನ ಪೈಪಿಗೆ ಕಟ್ಟಿದ ಹಗ್ಗ ಎಲ್ಲೋ ಸಿಕ್ಕಿಬಿದ್ದಿದೆ, ಬಿಡಿಸುತ್ತೇನೆ ಎಂದು ಇಳಿದಿದ್ದನಂತೆ. ನಾನು ಬುತ್ತಿ ಇಳಿಸುವಷ್ಟರಲ್ಲಿ ಅವನು ಕಾಣಲಿಲ್ಲ. ಗುಳ್ಳೆ ಎದ್ದವು. ಒಂದು ಕೈ ಮೇಲೆ ಬಂದು ಮತ್ತೆ ಹೋಯಿತು.

ಅಜ್ಜ ಎದ್ದು ನಿಂತು “ಅಯ್ಯಯ್ಯೋ, ಕಾಲಿಗೆ ಹಗ್ಗಾ, ಕಾಲಿಗೆ ಹಗ್ಗಾ!” ಎಂದು ಕೂಗಿದ. ಎಪ್ಪತ್ತು ದಾಟಿದ ಮುದುಕ, ಮೊಣಕಾಲು ಹಿಡಿದಿತ್ತು, ಹಾರುವ ಸ್ಥಿತಿಯಲ್ಲಿರಲಿಲ್ಲ. ನಾನು ಲಂಗದಾವಣಿಯಲ್ಲೇ ಹಾರಿದೆ. ಆರೇಳು ವರ್ಷ ನೀರಿಗೆ ಇಳಿದಿರಲಿಲ್ಲ. ಮೈ ಮರೆತಿರಲಿಲ್ಲ. ಭುಜ ಎಳೆದುಕೊಂಡೆ, ಹೊರಳಿದೆ, ತಳದಲ್ಲಿದ್ದೆ. ಹಗ್ಗ ಅಣ್ಣನ ಪಾದಕ್ಕೆ ಎರಡು ಸುತ್ತು ಬಿದ್ದಿತ್ತು. ಒಂದು ಸುತ್ತು ಬಿಡಿಸಿದಾಗ ಉಸಿರು ಮುಗಿಯಿತು. ಮೇಲೆ ಬಂದೆ, ಉಸಿರು ಎಳೆದುಕೊಂಡೆ, ಮತ್ತೆ ಹೊರಳಿದೆ. ಎರಡನೆಯದೂ ಬಿಟ್ಟಿತು. ಜುಟ್ಟು ಹಿಡಿದು ಮೆಟ್ಟಿಲಿಗೆ ಎಳೆದು ತಂದೆ. ಅವನು ಕಕ್ಕಿದ, ಕೆಮ್ಮಿದ, ಬದುಕಿದ.

ಅಜ್ಜ ಮೆಟ್ಟಿಲು ಇಳಿದು ಬಂದ. ಅವನ ಬಾಯಿ ತೆರೆದಿತ್ತು. ಈಗ ನನ್ನ ತಲೆಯ ಮೇಲೆ ಮೂರು ಬೊಗಸೆ ನೀರು ಸುರಿಯುತ್ತಾನೆ ಎಂದೇ ಅಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಬದುವಿನ ಆಚೆ ಪಕ್ಕದ ಹೊಲದವರು “ಏನಾತೋ?” ಎಂದು ಕೂಗುತ್ತ ಓಡಿಬರುವುದು ಕೇಳಿಸಿತು. ಅಜ್ಜನ ಮುಖ ಬದಲಾಯಿತು.

“ಜ್ವಾಳದಾಗ ಹಾದು ಮನಿಗಿ ಹೋಗು. ಯಾರ ಕಣ್ಣಿಗೂ ಬೀಳಬ್ಯಾಡ.”

“ಅಜ್ಜಾ...”

“ಸ್ವಾಮಾರ ಅವರು ಬರಾವರದಾರ. ಹಿಂಗ ತೊಯ್ಸ್ಕೊಂಡ ಗಂಡಸರ ಮುಂದ ನಿಂತ್ಲು ಅಂದ್ರ ಏನಂದಾರು? ನಡಿ ನಡಿ!”

ನಡೆದೆ. ಒದ್ದೆ ಲಂಗ ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಜೋಳದ ಎಲೆ ಮುಖ ಕೈ ಎಲ್ಲ ಕೊಯ್ಯಿತು. ಹಿತ್ತಿಲ ಬಾಗಿಲಿಂದ ಒಳಗೆ ಹೋದರೆ ಅವ್ವ ಏನೂ ಕೇಳಲಿಲ್ಲ. ಬಟ್ಟೆ ಬದಲಿಸಿ, ತಲೆಗೆ ಪಂಚೆ ಬಿಗಿದು, “ಕೂದಲಾ ಒಣಗೂತನಕ ಹೊರಗ ಬರಬ್ಯಾಡ” ಎಂದು ಅಡುಗೆ ಮನೆಯಲ್ಲಿ ಕೂರಿಸಿದಳು. ನನ್ನ ಕೂದಲು ಮೊಣಕಾಲ ತನಕ ಇತ್ತು, ಬೇಗ ಒಣಗುವಂಥದ್ದಲ್ಲ.

ಸಂಜೆಗೆ ಪಡಸಾಲೆಯ ತುಂಬ ಜನ. ನಾನು ಬಾಗಿಲ ಹಿಂದೆ. ಅಜ್ಜ ಹೇಳತೊಡಗಿದ. ಹುಡುಗ ಹಗ್ಗ ಬಿಡಿಸಲು ಹೋದ, ಹಗ್ಗ ಕಾಲಿಗೆ ಬಿತ್ತು, ತಾನೇ ಬಿಡಿಸಿಕೊಂಡು ಬಂದ. ಯಾರೋ ನಕ್ಕು, “ನಿಮ್ಮ ಕಪ್ಪಿ ತಳಕ್ಕ ಯಾವಾಗ ಹೋಗಿತ್ರೀ ಯಜಮಾನ್ರ?” ಎಂದರು. ಆಮೇಲೆ ಅಜ್ಜನ ದನಿ ಬಂತು.

“ಕಪ್ಪಿ ಅಲ್ಲ. ನನ್ನ ಕಣ್ಣಿಲೆ ನೋಡೇನಿ. ಎಡಭುಜ ಹಿಂಗ ಒಳಗ ತಗೊಂಡು ಸ್ವಂಟಾ ತಿರುವಿದರ ನೀರಿಗೆ ಗೊತ್ತಾಗಲಿಲ್ಲ. ಒಂದ ಸರ್ತಿ ಅಲ್ಲ, ಎರಡ ಸರ್ತಿ. ತೊರಗಲ್ಲ ಹೊಳ್ಯಾಗ ನೋಡಿದ್ದೆ, ಮತ್ತ ಇವತ್ತ ನೋಡಿದೆ. ನೀರನಾಯಿ.”

ಎಡಭುಜ! ಎಲ್ಲ ನೋಡಿದ್ದ ಮುದುಕ. ನಾನು ಎರಡು ಸಲ ಹೋದದ್ದನ್ನು, ಯಾವ ಭುಜ ಎಳೆದುಕೊಳ್ಳುತ್ತೇನೆ ಎನ್ನುವುದನ್ನು, ಒಂದನ್ನೂ ಬಿಟ್ಟಿರಲಿಲ್ಲ. ನನ್ನ ಬಗ್ಗೆ ಅಷ್ಟು ಸರಿಯಾಗಿ ಈ ಜನ್ಮದಲ್ಲಿ ಇನ್ನಾರೂ ಮಾತಾಡಿಲ್ಲ. ಅದನ್ನು ಅಣ್ಣನ ಮುಖ ನೋಡಿ ಹೇಳಿದ. ಅಣ್ಣ ತಲೆ ತಗ್ಗಿಸಿ ಕುಳಿತಿದ್ದ, ಜನ ಅದನ್ನು ವಿನಯ ಎಂದುಕೊಂಡರು. ಮರುದಿನ ಬೆಳಿಗ್ಗೆ ಅಜ್ಜ ಅವನನ್ನು ಬಾವಿಗೆ ಕರೆದುಕೊಂಡು ಹೋಗಿ ತಲೆಗೆ ನೀರು ಸುರಿದು ಹೆಸರು ಕೂಗಿದ. ಮನೆಯಲ್ಲಿ ಅವ್ವ ಕೊಬ್ಬರಿ ಸಕ್ಕರೆ ಹಂಚಿದಳು. ನನಗೂ ಒಂದು ಮುಷ್ಟಿ ಕೊಟ್ಟಳು. ನಾನು ಅದನ್ನು ಒಲೆಗೆ ಹಾಕಿದೆ.

ಸೋಮವಾರ ಕಿತ್ತೂರಿನವರು ಬಂದರು, ಒಪ್ಪಿದರು. ನನ್ನ ಕೂದಲನ್ನು ಬಹಳ ಹೊಗಳಿದರು.

ಮದುವೆಯಾದ ಮೇಲೆ ಗಂಡನಿಗೆ ಒಂದು ದಿನ ಎಲ್ಲ ಹೇಳಿದೆ. ಅವರು ಪೇಪರು ಓದುತ್ತಿದ್ದರು. “ಹೌದಾ? ನಿಮ್ಮಣ್ಣ ಬ್ಯಾರೆ ಹೇಳಿದ್ನಲಾ” ಎಂದು ಮತ್ತೆ ಪೇಪರಿಗೆ ತಿರುಗಿದರು. ಕೆಟ್ಟವರಲ್ಲ. ಆದರೆ ಆ ಮಾತಿನ ನಂತರ ಯಾರಿಗೂ ಹೇಳಲಿಲ್ಲ. ತವರಿಗೆ ಹೋಗುವುದು ಕಡಿಮೆ ಮಾಡಿದೆ. ಹೋದರೂ ಅಜ್ಜನ ಹತ್ತಿರ ಕೂರುತ್ತಿರಲಿಲ್ಲ. “ಹೆಂಗದಿಯವ್ವಾ?” ಎಂದರೆ “ಅದೇನಿ” ಎಂದು ಒಳಗೆ ಹೋಗುತ್ತಿದ್ದೆ. ಮುದುಕ ನನ್ನ ಹಿಂದೆಯೇ ನೋಡುತ್ತಿದ್ದ. ನೋಡಲಿ ಬಿಡು ಎಂದುಕೊಳ್ಳುತ್ತಿದ್ದೆ, ನೋಡುವುದಷ್ಟೇ ತಾನೆ ಇವನಿಗೆ ಬರುವುದು.

ಅಜ್ಜ ತೊಂಬತ್ತರ ಹತ್ತಿರ ಹಾಸಿಗೆ ಹಿಡಿದಾಗ ನನ್ನ ಮಗಳು ಬಾಲವಾಡಿಗೆ ಹೋಗುತ್ತಿದ್ದಳು. ಆಗ ನನಗೆ ನೌಕರಿ ಬೈಲಹೊಂಗಲದಲ್ಲಿ, ಮುರಗೋಡಕ್ಕೆ ಬಸ್ಸು ಹತ್ತಿದರೆ ಒಂದು ತಾಸೂ ಇಲ್ಲ. ಅಜ್ಜ ನಿನ್ನನ್ನು ಕೇಳುತ್ತಿದ್ದಾನೆ ಎಂದು ಅವ್ವ ಮೂರು ಸಲ ಹೇಳಿ ಕಳಿಸಿದಳು. ಶಾಲೆಯಲ್ಲಿ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇತ್ತು, ಸುಳ್ಳಲ್ಲ. ಆದರೆ ಪರೀಕ್ಷೆಗಾಗಿ ಉಳಿದವಳಲ್ಲ ನಾನು. ಬಾಯಿಗೆ ಒಂದು ಗುಟುಕು ನೀರು ಬಿಡುವುದಕ್ಕೂ ಹೋಗಲಿಲ್ಲ. ಸತ್ತ ಸುದ್ದಿ ಬಂದ ಮೇಲೆ ಹೋದಾಗ ಅಜ್ಜನನ್ನು ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಎಲ್ಲರೂ ಅತ್ತರು. ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಅದನ್ನು ಎಲ್ಲರೂ ಗಮನಿಸಿದರು. ಅಣ್ಣ ನನ್ನ ಪಕ್ಕಕ್ಕೆ ಬಂದು ನಿಂತ, ಏನೋ ಹೇಳಲು ಬಾಯಿ ತೆರೆದ, ಮತ್ತೆ ಜನರ ನಡುವೆ ಹೋದ.

ಈಗ ಅಣ್ಣ ಅದೇ ಹೊಲದಲ್ಲಿ ಈಜುಕೊಳ ಕಟ್ಟಿಸಿದ್ದಾನೆ. ಸವದತ್ತಿಯ ಗುಡ್ಡಕ್ಕೆ ಹೋಗಿಬರುವವರ ಕಾರುಗಳು ನಿಲ್ಲುತ್ತವೆ, ಸುತ್ತಲಿನ ಊರಿನ ಮಕ್ಕಳು ಬೇಸಿಗೆಯಲ್ಲಿ ಕಲಿಯಲು ಬರುತ್ತಾರೆ. ಬಾಗಿಲ ಮೇಲೆ ನೀರುನಾಯಿಯ ದೊಡ್ಡ ಚಿತ್ರ. ಬರೆದ ಪೇಂಟರು ನೀರುನಾಯಿ ಕಂಡವನಲ್ಲ, ಅದು ಥೇಟು ಮುಂಗುಸಿಯಂತಿದೆ. ಕಲಿಸುವುದಕ್ಕೆ ಇಬ್ಬರು ಹುಡುಗರನ್ನು ಇಟ್ಟಿದ್ದಾನೆ. ತಾನು ಕೊರಳಲ್ಲಿ ಸೀಟಿ ಹಾಕಿಕೊಂಡು ದಂಡೆಯಲ್ಲಿ ನಿಲ್ಲುತ್ತಾನೆ. ಕಿವಿಗೆ ನೀರು ಹೋಗಬಾರದು, ಡಾಕ್ಟರು ಹೇಳಿದ್ದಾರೆ ಎನ್ನುತ್ತಾನೆ. ಆ ಶುಕ್ರವಾರದ ನಂತರ ಅಣ್ಣ ಒಮ್ಮೆಯೂ ನೀರಿಗೆ ಇಳಿದಿಲ್ಲ. ಅದು ಗೊತ್ತಿರುವುದು ನನಗೊಬ್ಬಳಿಗೆ.

ಅಭ್ಯಾಸ ಪುಸ್ತಕ ಬರುವುದಕ್ಕೆ ಹತ್ತು ದಿನ ಮೊದಲು ನಾನು ಅಲ್ಲಿಗೆ ಹೋಗಬೇಕಾಯಿತು. ಮಗಳ ಮಗಳು ರಜೆಗೆ ಬಂದವಳು ಹಟ ಹಿಡಿದು ಅಲ್ಲೇ ಕಲಿತಿದ್ದಳು, ಅಂದು ಕಲಿತ ಮಕ್ಕಳಿಗೆ ಸರ್ಟಿಫಿಕೇಟು ಕೊಡುವ ಕಾರ್ಯಕ್ರಮ. ಶಾಮಿಯಾನ ಹಾಕಿದ್ದರು. ನಲವತ್ತು ಮಕ್ಕಳು, ನಲವತ್ತಕ್ಕೂ ಒಂದೇ ಕಾಗದ, ಅದರ ಮೇಲೆ ಒಂದೇ ಡಾಲ್ಫಿನ್ನು. ಕಪ್ಪೆಯಂತೆ ಒದ್ದವನಿಗೂ ಡಾಲ್ಫಿನ್ನು, ನಾಯಿಯಂತೆ ಬಡಿದವಳಿಗೂ ಡಾಲ್ಫಿನ್ನು. ಅಜ್ಜ ಇದ್ದಿದ್ದರೆ ಕಾಗದವನ್ನು ಸುರುಳಿ ಮಾಡಿ ಒಲೆ ಹಚ್ಚುತ್ತಿದ್ದ.

ಕೊನೆಗೆ ಅಣ್ಣ ಮೈಕು ಹಿಡಿದು ಕತೆ ಹೇಳಿದ. ಹಗ್ಗ, ಕಾಲು, ತಳ, ನೀರುನಾಯಿ. ತಂದೆತಾಯಿಗಳು ಕಣ್ಣರಳಿಸಿ ಕೇಳಿದರು. ಎಷ್ಟು ಸಲ ಹೇಳಿದ್ದಾನೋ, ನುಣ್ಣಗಾಗಿತ್ತು ಕತೆ. “ಎಡಭುಜ ಹಿಂಗ ಒಳಗ ತಗೊಂಡೆ” ಎಂದು ತನ್ನ ಬಲಭುಜ ತೋರಿಸಿದ.

ನಾನು ಎದ್ದು ನಿಂತುಬಿಟ್ಟೆ. “ಸುಳ್ಳು!”

ಎಲ್ಲರೂ ತಿರುಗಿದರು.

“ಸುಳ್ಳು ಹೇಳಾಕತ್ತಾನ. ಅವತ್ತ ಬಾವಿಗೆ ಹಾರಿದಾಕಿ ನಾನು. ಇವನ ಕಾಲಾನ ಹಗ್ಗ ಬಿಡಿಸಿದಾಕಿ ನಾನು. ಜುಟ್ಟ ಹಿಡದ ಎಳದ ತಂದೇನಿ.”

ಅಣ್ಣ ಮೈಕಿನಲ್ಲೇ ನಕ್ಕ. “ನಮ್ಮ ತಂಗಿ. ಸಣ್ಣಾಕಿದ್ದಾಗಿಂದ ಹಿಂಗ ಚಾಷ್ಟಿ ಮಾಡತಾಳ” ಎಂದ. ಇಡೀ ಶಾಮಿಯಾನ ನಕ್ಕಿತು. ಮುಂದಿನ ಸಾಲಿನ ಹೆಂಗಸೊಬ್ಬಳು “ಅಕ್ಕಾರು ಮಸ್ತ್ ಅದಾರ ಬಿಡ್ರಿ” ಎಂದು ಚಪ್ಪಾಳೆ ಹೊಡೆದಳು. ಮೊಮ್ಮಗಳು ನಾಚಿಕೆಯಿಂದ ನನ್ನ ಸೆರಗು ಜಗ್ಗಿ, “ಕುಂದರು ಅಜ್ಜಿ” ಎಂದಳು. ಕುಳಿತೆ. ಇನ್ನೇನು ಮಾಡಲಿ?

ಜನ ಹೋದ ಮೇಲೆ ಮೊಮ್ಮಗಳು ಉಳಿದ ಮಕ್ಕಳೊಂದಿಗೆ ಐಸ್‌ಕ್ರೀಮಿಗೆ ಓಡಿದಳು. ಅಣ್ಣ ಕೊಳದ ದಂಡೆಯಲ್ಲಿ ಒಬ್ಬನೇ ನಿಂತಿದ್ದ. ನೀರು ನೀಲಿಯಾಗಿತ್ತು, ಔಷಧದ ವಾಸನೆ ಹೊಡೆಯುತ್ತಿತ್ತು. ನಾನು ನೇರ ಹೋಗಿ ಅವನ ಹಿಂದೆ ನಿಂತೆ.

“ನಗಿಪಾಟಲಾ ಮಾಡಿದಿ ಅಲಾ ನನ್ನ, ಇಷ್ಟ ಮಂದ್ಯಾಗ.”

ಅವನು ತಿರುಗಲಿಲ್ಲ. “ನನಗ ಗೊತ್ತೈತಿ. ಹಗ್ಗ ಬಿಡಿಸಿದ ಕೈ ಯಾರದು ಅಂತ ನನಗ ಗೊತ್ತಿಲ್ಲೇನು?”

“ಗೊತ್ತಿದ್ದೂ ನಲವತ್ತ ವರ್ಷ ಮಾರ್ಕೊಂಡ ತಿಂದೆಲಾ?”

“ಅಜ್ಜ ಕೊಟ್ಟಾ. ನಾ ಕೇಳಿರಲಿಲ್ಲ.” ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದ: “ತಿರುಗಿ ತಗೋತೇನಿ ಅಂದಿದ್ದ.”

“ಏನ?”

“ಹ್ವಾಗಾಕ ನಾಕ ದಿನಾ ಮೊದಲ. ನನ್ನ ಬಾವಿಗೆ ಹೊತಗೊಂಡ ನಡಿ, ಆಕಿನ್ನೂ ಕರಸು, ಆಕಿ ಹೆಸರು ಆಕಿಗೆ ಕೂಗಬೇಕು ಅಂದಾ. ಆಕಿಗೆ ಮೋಸ ಮಾಡೇನಿ, ಬಾವಿಗೂ ಮೋಸ ಮಾಡೇನಿ ಅಂತ ಅಳತಿದ್ದ. ನೀ ಬರಲಿಲ್ಲ. ಆಕಿ ಬರದಿದ್ರ ನೀನರ ಆಕಿಗೆ ಹೇಳು ಅಂತ ನನಗ ಅಂದಾ. ಹೇಳತೇನಿ ಅಂದೆ.”

“ಹೇಳಲಿಲ್ಲ.”

“ಹೇಳಿದ್ರ ನನಗೇನ ಉಳೀತಿತ್ತು? ಕಪ್ಪಿ.”

ಅರವತ್ತರ ಗಂಡಸು, ಸೀಟಿ ಕೊರಳಲ್ಲಿ ಹಾಕಿಕೊಂಡು, ‘ಕಪ್ಪಿ’ ಎಂದಾಗ ಅವನ ತುಟಿ ಹತ್ತು ವರ್ಷದ ಹುಡುಗನಂತೆ ನಡುಗಿತು. ನನಗೆ ಅಯ್ಯೋ ಅನಿಸಲಿಲ್ಲ. ಅಜ್ಜ ನನ್ನನ್ನು ಕರೆದದ್ದು ಇದಕ್ಕೆ. ಮೂರು ಸಲ ಕರೆದ. ನಾನು ಬೈಲಹೊಂಗಲದಲ್ಲಿ ಕುಳಿತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ, ಬೇಕೆಂದೇ ನಿಧಾನವಾಗಿ ತಿದ್ದುತ್ತಿದ್ದೆ. ಸತ್ತವನ ಮುಂದೆ ಒಣ ಕಣ್ಣಲ್ಲಿ ನಿಂತೆ. ಇಪ್ಪತ್ತೈದು ವರ್ಷ ಆ ಮುದುಕನನ್ನು ಮನಸ್ಸಿನಲ್ಲೇ ಬೈದೆ. ಅವನು ಕೊಟ್ಟುಹೋದದ್ದನ್ನು ಇವನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ.

“ಬಾವಿ ಎಲ್ಲೈತಿ?” ಎಂದೆ.

“ಯಾವ ಬಾವಿ?”

“ನಮ್ಮ ಬಾವಿ. ಕೂಗಿ ಬರತೇನಿ.”

ಅವನು ಕಾರು ನಿಲ್ಲಿಸುವ ಜಾಗದ ಕಡೆ ಕೈ ಮಾಡಿದ. ಅಲ್ಲಿ ಗರಸು ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಕೂರಿಸಿದ್ದರು. ಒಂದು ಬಿಳಿ ಕಾರು ನಿಂತಿತ್ತು. “ಪಾರ್ಕಿಂಗಿಗೆ ಜಾಗಾ ಸಾಲಲಿಲ್ಲ. ಹ್ವಾದ ವರ್ಷ ಮುಚ್ಚಿಸಿದೆ” ಎಂದ. ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ ನೀರಿನ ಕಡೆ ನೋಡುತ್ತ ಅಂದ: “ಆತು ತಗೋ. ಇನ್ನ ಮ್ಯಾಲೆ ನೀನ ನೀರನಾಯಿ. ನಮ್ಮಿಬ್ಬರ ನಡುವ ಇರಲಿ, ಮಂದಿಗೆ ಹೇಳೂದ ಬ್ಯಾಡ.”

ಅವನ ಕಾಲಿನ ಹೆಬ್ಬೆರಳುಗಳು ದಂಡೆಯ ಹೊರಗೆ ಚಾಚಿದ್ದವು. ಕೆಳಗೆ ಎಂಟು ಅಡಿ ನೀರು. ನನ್ನ ಎರಡೂ ಕೈ ಅವನ ಬೆನ್ನಿನ ಹತ್ತಿರ ಹೋಗಿದ್ದವು, ಒಂದು ಗೇಣು ಅಂತರವೂ ಇರಲಿಲ್ಲ.

ನೂಕಲಿಲ್ಲ. ನೂಕಿದರೆ ಮತ್ತೆ ನಾನೇ ಹಾರಬೇಕಾಗುತ್ತಿತ್ತು.